ಹಗ್ಗದ ಎರಡು ತುದಿ, ಎರಡು ದನಿ

2024 ಜೂನ್ 9, ಭಾನುವಾರ

ಜೋ ಸಿಂಪ್ಸನ್ ಬರೆದ ‘ಟಚಿಂಗ್ ದ ವಾಯ್ಡ್’ ಇವತ್ತು ಮತ್ತೆ ಓದಿದೆ. ನಿಜ ಹೇಳಬೇಕೆಂದರೆ ಈ ಪುಸ್ತಕದಲ್ಲಿ ಕುತೂಹಲಕ್ಕೆ ಜಾಗವೇ ಇರಬಾರದು. ಬೆಟ್ಟದಲ್ಲಿ ಸಾಯಬೇಕಿದ್ದವನೇ ಬರೆದಿದ್ದಾನೆ, ಅಂದಮೇಲೆ ಬದುಕಿ ಬಂದಿದ್ದಾನೆ ಅಲ್ವಾ? ಆದರೂ ಊಟಕ್ಕೆ ಕರೆದಾಗ ಪುಸ್ತಕ ಬಿಟ್ಟು ಏಳಲಾಗಲಿಲ್ಲ.

ಕಥೆ ಗೊತ್ತಿಲ್ಲದವರಿಗೆ ಒಂದಿಷ್ಟು. 1985ರಲ್ಲಿ ಜೋ ಮತ್ತು ಸೈಮನ್ ಯೇಟ್ಸ್ ಪೆರು ದೇಶದ ಸಿಯುಲಾ ಗ್ರಾಂಡೆ ಶಿಖರವನ್ನು ಹತ್ತಿದರು. ಎತ್ತರ 6,344 ಮೀಟರ್. ಅದರ ಪಶ್ಚಿಮದ ಗೋಡೆಯನ್ನು ಅದುವರೆಗೆ ಯಾರೂ ಹತ್ತಿ ಗೆದ್ದಿರಲಿಲ್ಲ. ಇಳಿಯುವಾಗ ಜೋನ ಬಲಗಾಲು ಮುರಿಯಿತು. ಇರುವುದೇ ಇಬ್ಬರು. ಅಂಥ ಕಡೆ ಕಾಲು ಮುರಿದರೆ ಏನರ್ಥ ಅಂತ ಇಬ್ಬರಿಗೂ ಗೊತ್ತು, ಆದರೆ ಒಬ್ಬರಿಗೊಬ್ಬರು ಹೇಳಿಕೊಳ್ಳುವುದಿಲ್ಲ. ಮಾತ್ರೆ ಕೊಡುವುದು, ಮುಂದೇನು ಮಾಡೋಣ ಅನ್ನುವುದು, ಅಷ್ಟೇ ಮಾತು.

ನನಗೆ ತುಂಬಾ ಹಿಡಿಸಿದ್ದು ಗಂಟಿನ ವಿಷಯ. ಸೈಮನ್ 150 ಅಡಿಯ ಎರಡು ಹಗ್ಗಗಳನ್ನು ಸೇರಿಸಿ ಕಟ್ಟಿ, ಹಿಮದಲ್ಲಿ ತೋಡಿದ ಗುಣಿಯಲ್ಲಿ ಕೂತು, ಜೋನನ್ನು ಕೆಳಗೆ ಇಳಿಸುತ್ತಾನೆ. ಹಗ್ಗ ಹಿಡಿತಕ್ಕೆ ಬಳಸುವ ಬೆಲೇ ಪ್ಲೇಟಿನಲ್ಲಿ ನಡುವಿನ ಗಂಟು ತೂರುವುದಿಲ್ಲ. ಹಾಗಾಗಿ ಗಂಟು ಬಂದಾಗಲೆಲ್ಲ ಜೋ ಒಳ್ಳೆಯ ಕಾಲಿನ ಮೇಲೆ ನಿಂತು ಹಗ್ಗ ಸಡಿಲಿಸಬೇಕು. ಆಗ ಸೈಮನ್ ಗಂಟನ್ನು ಆಚೆ ದಾಟಿಸುತ್ತಾನೆ. ಸಿಂಪ್ಸನ್ ಇದನ್ನು ಯಾವ ಆತುರವೂ ಇಲ್ಲದೆ, ಕೆಲಸ ಕಲಿಸುವ ಮೇಸ್ತ್ರಿಯ ಹಾಗೆ ವಿವರಿಸುತ್ತಾನೆ. ಇಳಿಸು, ಗಂಟು, ನಿಲ್ಲು, ದಾಟಿಸು, ಮತ್ತೆ ಇಳಿಸು. ಓದುತ್ತಾ ಓದುತ್ತಾ ನಮಗೂ ಅದು ರೂಢಿಯಾಗಿಬಿಡುತ್ತದೆ. ಪರವಾಗಿಲ್ಲ, ಪಾರಾಗ್ತಾರೆ ಅನಿಸುತ್ತದೆ.

ಆಮೇಲೆ ಕತ್ತಲಲ್ಲಿ, ಬಿರುಗಾಳಿಯಲ್ಲಿ, ಜೋ ಒಂದು ಹಿಮದ ಅಂಚನ್ನು ದಾಟಿ ಗಾಳಿಯಲ್ಲಿ ನೇತಾಡುತ್ತಾನೆ. ಕಾಲಿಗೆ ನೆಲವಿಲ್ಲ, ಹಗ್ಗ ಸಡಿಲಿಸಲು ದಾರಿಯಿಲ್ಲ. ಇಲ್ಲಿ ಲೇಖಕ ಏನನ್ನೂ ವಿವರಿಸಬೇಕಾಗಿಲ್ಲ. ಗಂಟು ಏನು ಮಾಡುತ್ತದೆ ಅಂತ ನಮಗೆ ಆಗಲೇ ಗೊತ್ತು. ವಾಕ್ಯಗಳು ಚಿಕ್ಕದಾದಷ್ಟೂ ನಮ್ಮ ಎದೆ ಜಾಸ್ತಿ ಹೊಡೆದುಕೊಳ್ಳುತ್ತದೆ. ನಮ್ಮ ಟಿವಿ ವಾಹಿನಿಗಳಾಗಿದ್ದರೆ ಇಷ್ಟರಲ್ಲಿ ‘ಎದೆ ಝಲ್ಲೆನಿಸುವ’, ‘ಮೈ ನವಿರೇಳಿಸುವ’ ಎಲ್ಲ ಖರ್ಚಾಗಿರುತ್ತಿದ್ದವು. ಇಲ್ಲಿ ಮರಗಟ್ಟಿದ ಬೆರಳುಗಳಿವೆ. ಹಗ್ಗ ಹಿಡಿದು ಮೇಲೇರಲು ಬೇಕಾದ ಕುಣಿಕೆಯೊಂದು ಆ ಬೆರಳುಗಳಿಂದ ಜಾರಿ ಬೀಳುತ್ತದೆ. ಅಷ್ಟು ಸಾಕು.

ಪುಸ್ತಕದಲ್ಲಿ ಇಬ್ಬರು ‘ನಾನು’ಗಳಿದ್ದಾರೆ. ನಡುನಡುವೆ ಸೈಮನ್‌ನ ಮಾತು ಓರೆ ಅಕ್ಷರಗಳಲ್ಲಿ ಬರುತ್ತದೆ. ಮೇಲಿರುವವನಿಗೆ ಕೆಳಗೇನಾಗಿದೆ ತಿಳಿಯದು, ಕೂಗಿದರೆ ಕೇಳಿಸದು. ತಾನು ಕೂತ ಹಿಮ ಕುಸಿಯುತ್ತಿದೆ ಅನ್ನುವುದಷ್ಟೇ ಅವನಿಗೆ ಗೊತ್ತು. ಎರಡೂ ತುದಿ ಗೊತ್ತಿರುವುದು ಓದುವ ನಮಗೊಬ್ಬರಿಗೇ, ಹೇಳೋಣವೆಂದರೆ ಆಗುವುದಿಲ್ಲ. ಸೈಮನ್‌ಗೆ ಚೀಲದಲ್ಲಿರುವ ಚಾಕು ನೆನಪಾಗುತ್ತದೆ. ಹಗ್ಗ ಕೊಯ್ಯುವುದು ಥಟ್ಟನೆ ಮುಗಿದುಹೋಗುತ್ತದೆ. ಅವನ ದನಿಯಲ್ಲಿ ಅಳುವಿಲ್ಲ, ಸಮರ್ಥನೆಯೂ ಕಡಿಮೆ. ಆ ಸಪಾಟು ದನಿಯೇ ನನ್ನನ್ನು ಜಾಸ್ತಿ ಹೆದರಿಸಿತು.

ಜೋ ಬಿದ್ದ ಹಿಮದ ಬಿರುಕಿನ ಭಾಗವೂ ಚೆನ್ನಾಗಿದೆ. ಮೇಲೆ ಹೋಗಲಾಗದೆ ಅವನು ಇನ್ನೂ ಕೆಳಕ್ಕೇ ಇಳಿಯುತ್ತಾನಲ್ಲ, ಅದನ್ನು ಉಸಿರು ಬಿಗಿಹಿಡಿದೇ ಓದಬೇಕು. ಬಿರುಕಿನಿಂದ ಹೊರಬಂದು ಡೇರೆಯತ್ತ ತೆವಳುವ ದಿನಗಳ ಭ್ರಮೆ, ಕನಸುಗಳು ಮಾತ್ರ ನನಗೆ ಸ್ವಲ್ಪ ಉದ್ದವೆನಿಸಿದವು. ಅಲ್ಲಿ ಕೈಹಿಡಿದು ನಡೆಸಿದ್ದು ಗಡಿಯಾರ. ಆ ಬಂಡೆಯವರೆಗೆ ಇಪ್ಪತ್ತು ನಿಮಿಷ ಅಂತ ತನಗೆ ತಾನೇ ಗಡುವು ಹಾಕಿಕೊಳ್ಳುತ್ತಾನೆ. ಮೈಲಿಗಟ್ಟಲೆ ದಾರಿ ಇಪ್ಪತ್ತಿಪ್ಪತ್ತು ನಿಮಿಷದ ತುಂಡುಗಳಾಗುತ್ತದೆ, ಪ್ರತಿ ತುಂಡಿಗೂ ತಲುಪುತ್ತಾನೋ ಇಲ್ಲವೋ ಅನ್ನುವ ಪ್ರಶ್ನೆ. ಅವನು ಡೇರೆ ಮುಟ್ಟುವ ಹೊತ್ತಿಗೆ ಸೈಮನ್ ಮತ್ತು ಡೇರೆ ಕಾಯುತ್ತಿದ್ದ ಜೊತೆಗಾರ ಗಂಟುಮೂಟೆ ಕಟ್ಟಿ ಹೊರಡುವುದಕ್ಕೆ ಕೆಲವೇ ಗಂಟೆ ಬಾಕಿ.

ಹಗ್ಗ ಕೊಯ್ದದ್ದು ಸರಿಯೇ ಅಂತ ಹೊರಗಿನವರು ಬೇಕಾದಷ್ಟು ವಾದ ಮಾಡಿದರು. ಸಿಂಪ್ಸನ್ ಯಾವತ್ತೂ ಸೈಮನ್ ಪರವೇ. 1988ರಲ್ಲಿ ಬಂದ ಈ ಪುಸ್ತಕ ಅರ್ಪಣೆಯಾಗಿರುವುದು ಕೂಡ ಮೊದಲು ಅವನಿಗೇ.