ಅಲುಗಬಾರದ ಸಾ

ಭಾನುವಾರದಿಂದ ಆ ಸೂಜಿ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ನನ್ನ ಪೆಡಲ್ ಸ್ಟೀಲ್ ಗಿಟಾರಿನ ಒಂದು ತಂತಿ ಮೀಟಿದ್ದೆ, ಶ್ರುತಿ ತೋರಿಸುವ ಟ್ಯೂನರಿನಲ್ಲಿ ಅದು ನಟ್ಟನಡುವೆ ನಿಂತಿತ್ತು. ಎರಡು ಪೆಡಲ್ ಒಟ್ಟಿಗೆ ತುಳಿದೆ, ಎಡಕ್ಕೆ ವಾಲಿತು. ಕಾಲು ತೆಗೆದೆ, ನಡುವಿಗೆ ಬಂತು. ಮತ್ತೆ ತುಳಿದೆ, ಮತ್ತೆ ವಾಲಿತು. ಆ ಪೆಡಲ್‌ಗಳಿಗೂ ಆ ತಂತಿಗೂ ಯಾವ ಸಂಬಂಧವೂ ಇಲ್ಲ, ಇರಬಾರದು.

"ಕಂಡಿತಲ್ಲ? ನಿಮ್ಮ ಕಿವಿ ಸರಿ ಉಂಟು. ಪೆಟ್ಟಿಗೆ ಬಗ್ತದೆ" ಅಂದರು ಅವರು.

ಅವರೆಂದರೆ ಸದಾಶಿವಗಡದ ಕಡೆಯ ಒಬ್ಬ ಹಿರಿಯರು. ಹಡಗಿನ ಬ್ಯಾಂಡುಗಳಲ್ಲಿ ಬಹಳ ಕಾಲ ನುಡಿಸಿ ಊರಿಗೆ ಮರಳಿದವರು. ಮಾತು ಕಡಿಮೆ, ಹೊಗಳಿಕೆ ಇನ್ನೂ ಕಡಿಮೆ. ಕಾಳಿ ಸೇತುವೆ ದಾಟಿ, ಮಳೆಯಲ್ಲಿ ನೆನೆದ ಕೇಸನ್ನು ಎತ್ತಿಕೊಂಡು ಅವರ ಜಗುಲಿ ಹತ್ತಿದಾಗ ಕುಳಿತುಕೊಳ್ಳಿ ಅಂತಲೂ ಹೇಳಲಿಲ್ಲ. ನೇರ ಗಿಟಾರಿನ ಕಾಲು ಜೋಡಿಸತೊಡಗಿದರು. ನನಗೆ ಅಂಥವರು ಇಷ್ಟ. ವಾದ್ಯದ ವಿಷಯದಲ್ಲಿ ಸಭ್ಯತೆಗಿಂತ ಆತುರ ಹೆಚ್ಚಿರುವವರನ್ನು ನಾನು ಸುಲಭವಾಗಿ ನಂಬಿಬಿಡುತ್ತೇನೆ.

ನನ್ನದು ಪೆಡಲ್ ಸ್ಟೀಲ್ ಗಿಟಾರ್, ಕಲಿಯುವವರಿಗೆಂದೇ ಮಾಡಿದ ಅಗ್ಗದ ಮಾದರಿ. ಅಮೆರಿಕದಲ್ಲಿರುವ ದೊಡ್ಡಪ್ಪನ ಮಗ ಪ್ರೀತಿಯಿಂದ ಹೊತ್ತು ತಂದುಕೊಟ್ಟಿದ್ದ. ಶಿರಸಿಯ ಮನೆಯಲ್ಲಿ ಮೊದಲ ಸಲ ಬಿಚ್ಚಿಟ್ಟಾಗ ಅಮ್ಮ ಕೇಳಿದ್ದು, "ಕೂಸೇ, ಇದೆಂತದೇ, ಹೊಲಿಗೆ ಮಿಷನ್ನನೇ?" ಅಮ್ಮ ಕಂಡಿದ್ದು ಸರಿಯಾಗಿಯೇ ಇತ್ತು. ನಾಲ್ಕು ಕಾಲು, ಮೇಲೆ ಉದ್ದ ಹಲಗೆ, ಕೆಳಗೆ ತುಳಿಯುವ ಪೆಡಲ್, ಮೊಣಕಾಲಿನಿಂದ ತಳ್ಳುವ ಲಿವರ್. ಹಲಗೆಯ ಮೇಲೆ ಹತ್ತು ತಂತಿ. ಎಡಗೈಯಲ್ಲಿ ಉಕ್ಕಿನ ದಪ್ಪ ಸರಳು, ಬಲಗೈ ಬೆರಳುಗಳಿಗೆ ಪಿಕ್, ಬಲಗಾಲು ವಾಲ್ಯೂಮ್ ಪೆಡಲಿನ ಮೇಲೆ. ಸುನಿಲ್ ಗಂಗೂಲಿ, ವ್ಯಾನ್ ಶಿಪ್ಲಿ ನುಡಿಸಿದ ಹಿಂದಿ ಹಾಡುಗಳನ್ನು ರೇಡಿಯೋದಲ್ಲಿ ಕೇಳಿ ಬೆಳೆದವರಿಗೆ ಹವಾಯಿಯನ್ ಗಿಟಾರ್ ಗೊತ್ತಿರುತ್ತದೆ. ಇದು ಆ ವಂಶದ್ದೇ, ಆದರೆ ನುಡಿಯುತ್ತಿರುವ ತಂತಿಯನ್ನೇ ಕಾಲಿನಿಂದ ಬಿಗಿದು ಸಡಿಲಿಸುವ ಯಂತ್ರವೊಂದು ಇದರ ಹೊಟ್ಟೆಯಲ್ಲಿದೆ.

ಅಮೆರಿಕದ ಕಂಟ್ರಿ ಸಂಗೀತದ ಊರಾದ ನ್ಯಾಶ್‌ವಿಲ್ಲಿನವರು ಈ ತಂತಿಗಳನ್ನು ಕೂಡಿಸುವ ಇ9 ಎಂಬ ಶ್ರುತಿಯನ್ನು ನಾನು ನಮ್ಮ ಸ್ವರಗಳಲ್ಲೇ ಅರ್ಥ ಮಾಡಿಕೊಂಡೆ. ಇ ಅನ್ನು ಸಾ ಎಂದು ಹಿಡಿದರೆ ಮೊದಲ ಪೆಡಲ್ ಪಂಚಮವನ್ನು ಧೈವತಕ್ಕೆ ಏರಿಸುತ್ತದೆ, ಎರಡನೆಯದು ಗಾಂಧಾರವನ್ನು ಮಧ್ಯಮಕ್ಕೆ. ಎರಡನ್ನೂ ಒಟ್ಟಿಗೆ ತುಳಿದರೆ ಸಾ ಗ ಪ ಇದ್ದದ್ದು ಸಾ ಮ ಧ ಆಗುತ್ತದೆ. ಎರಡು ಸ್ವರ ಜಾರುವಾಗ ಮೂರನೆಯದು ಕದಲದೆ ನಿಂತಿರುತ್ತದೆ. ಈ ವಾದ್ಯದ ಅಳುವೆಲ್ಲ ಇರುವುದು ಅಲ್ಲೇ. 1954ರಲ್ಲಿ ಕಂಟ್ರಿ ಗಾಯಕ ವೆಬ್ ಪಿಯರ್ಸ್ ಅವರ ಒಂದು ಹಾಡಿನಲ್ಲಿ ಸ್ಟೀಲ್ ವಾದಕ ಬಡ್ ಐಸಾಕ್ಸ್ ಹೀಗೆ ತಂತಿ ನುಡಿಯುತ್ತಿರುವಾಗಲೇ ಪೆಡಲ್ ತುಳಿದದ್ದು ಕೇಳಿ ಅಲ್ಲಿನ ಸ್ಟೀಲ್ ವಾದಕರೆಲ್ಲ ತಮ್ಮ ಗಿಟಾರುಗಳಿಗೆ ಪೆಡಲ್ ಕಟ್ಟಿಸಿಕೊಳ್ಳಲು ಹೊರಟರು. ಕದಲದ ಒಂದು ಸ್ವರದ ಎದುರು ಕದಲುವ ಇನ್ನೆರಡು. ತಂಬೂರಿಯ ಮುಂದೆ ಕೂತು ಮೀಂಡ್ ಅಭ್ಯಾಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿ ತಿಳಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಪಿಯಾನೋದ ಗಾಂಧಾರ ಷಡ್ಜದಿಂದ 400 ಸೆಂಟ್ ದೂರ (ಪಿಯಾನೋದ ಅಕ್ಕಪಕ್ಕದ ಎರಡು ಸ್ವರಗಳ ಅಂತರದ ನೂರನೇ ಒಂದು ಭಾಗ ಒಂದು ಸೆಂಟ್). ತಂಬೂರಿಯ ಖರಜದಲ್ಲಿ, ಅಂದರೆ ಮಂದ್ರ ಷಡ್ಜದ ತಂತಿಯಲ್ಲಿ, ತಾನಾಗಿಯೇ ಕೇಳಿಬರುವ ಸ್ವಯಂಭೂ ಗಾಂಧಾರ ಸುಮಾರು 386. ಪೆಡಲ್ ಸ್ಟೀಲ್ ವಾದಕರಲ್ಲಿ ಬಹಳ ಮಂದಿ ತಮ್ಮ ಗಾಂಧಾರವನ್ನು ಪಿಯಾನೋಗಿಂತ ಇಳಿಸಿ, ಈ ತಂಬೂರಿ ಗಾಂಧಾರದ ಕಡೆಗೆ ತಂದೇ ಶ್ರುತಿ ಮಾಡುತ್ತಾರೆ. ಟೆಕ್ಸಾಸ್, ಟೆನೆಸ್ಸಿಯ ಕಿವಿಗಳೂ ಶಿರಸಿಯಲ್ಲಿ ನನ್ನ ಗುರುಗಳು ತೋರಿಸಿಕೊಟ್ಟ ಅದೇ ಜಾಗವನ್ನು ಹುಡುಕುತ್ತವೆ! ಇದು ನನ್ನ ವಾದ್ಯ ಅಂತ ಅವತ್ತೇ ಅನಿಸಿತ್ತು.

ಆದರೆ ಕಾರವಾರದ ನನ್ನ ಬಾಡಿಗೆ ಕೋಣೆಯಲ್ಲಿ ಎರಡು ಪೆಡಲ್ ಒಟ್ಟಿಗೆ ತುಳಿದಾಗಲೆಲ್ಲ ಏನೋ ಹುಳಿಯಾಗುತ್ತಿತ್ತು. ಮಧ್ಯಮ ಏರಿತೇನೋ ಎಂದು ಇಳಿಸುತ್ತಿದ್ದೆ. ಆಗ ಎರಡನೇ ಪೆಡಲ್ ಒಂದನ್ನೇ ತುಳಿದರೆ ಅದೇ ಮಧ್ಯಮ ಬೇಸುರ. ಧೈವತ ಮುಟ್ಟಿದರೂ ಅದೇ ಕಥೆ. ಗೊತ್ತಿದ್ದವರ ಹತ್ತಿರ ಹೇಳಿಕೊಂಡರೆ ಎಲ್ಲರದೂ ಒಂದೇ ಉತ್ತರ: ಕಲಿಯುವಾಗ ಹಾಗೇ, ಕಿವಿ ಪಳಗಬೇಕು. ಕಿವಿ ಪಳಗಬೇಕು ಎಂಬ ಮಾತನ್ನು ನಮ್ಮ ಕಡೆ ಎಷ್ಟು ಸಲೀಸಾಗಿ ಆಡುತ್ತಾರೆ! ಎದುರಿಗಿರುವವಳು ಬಾಲ್ಯದಿಂದ ತಂಬೂರಿಗೆ ಕಿವಿಕೊಟ್ಟವಳು, ಅವಳು ಕೇಳಿಸಿಕೊಂಡದ್ದು ನಿಜವೇ ಇದ್ದೀತು ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಭಾನುವಾರ ಅವರು ಮಾಡಿಸಿದ ಪರೀಕ್ಷೆ ತೀರಾ ಸರಳ. ಎಂಟನೇ ತಂತಿ ಮೀಟಿ, ಟ್ಯೂನರ್ ನೋಡಿ, ಎರಡೂ ಪೆಡಲ್ ತುಳಿಯಿರಿ. ಎಂಟನೆಯದು ಸಾ. ಆ ಪೆಡಲ್‌ಗಳು ಎಳೆಯುವುದು ಗಾಂಧಾರ, ಪಂಚಮದ ತಂತಿಗಳನ್ನು. ಆದರೆ ಅವನ್ನು ಬಿಗಿಯುವಾಗ ಬೀಳುವ ಜಗ್ಗನ್ನು ಹಲಗೆ, ತಂತಿಗಳ ತುದಿ ಹಿಡಿದು ಬಿಗಿಯುವ ಸಡಿಲಿಸುವ ಚೇಂಜರಿನ ಅಚ್ಚು ಎಲ್ಲ ಸೇರಿ ತಾಳಿಕೊಳ್ಳಬೇಕು. ಹಲಗೆ ದುರ್ಬಲವಾಗಿದ್ದರೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಉಳಿದ ತಂತಿಗಳೆಲ್ಲ ಅಷ್ಟಷ್ಟು ಸಡಿಲವಾಗುತ್ತವೆ. ವಾದಕರು ಇದನ್ನು ಕ್ಯಾಬಿನೆಟ್ ಡ್ರಾಪ್ ಅನ್ನುತ್ತಾರೆ. ಒಳ್ಳೆಯ ಗಿಟಾರುಗಳಲ್ಲೂ ಒಂದಿಷ್ಟು ಇರುತ್ತದೆ, ಕಿವಿಗೆ ತಾಗುವುದಿಲ್ಲ. ನನ್ನದರಲ್ಲಿ ಸೂಜಿ ಹತ್ತು ಸೆಂಟಿನ ಹತ್ತಿರ ಇಳಿಯುತ್ತಿತ್ತು. ಅಂದರೆ ನಾನು ಮಧ್ಯಮ, ಧೈವತಗಳನ್ನು ತಿದ್ದುತ್ತ ಕೂತಿದ್ದಾಗ ಜಾರುತ್ತಿದ್ದದ್ದು ಸಾ. ಅಲುಗಬಾರದ ಸಾ.

"ಪೆಟ್ಟಿಗೆ ಬಗ್ತದೆ."

ಬಸ್ಸಿನಲ್ಲಿ, ಶಾಲೆಯ ಸ್ಟಾಫ್ ರೂಮಿನಲ್ಲಿ, ರಾತ್ರಿ ಹಂಚಿನ ಮೇಲೆ ಮಳೆ ಬೀಳುವಾಗ, ಆ ಎರಡು ಶಬ್ದ ಮತ್ತೆ ಮತ್ತೆ ಬರುತ್ತಿವೆ. ಅವರು ಸಮಾಧಾನಕ್ಕೆಂದು ಹೇಳಿದ್ದಲ್ಲ, ಯಂತ್ರದ ಸ್ಥಿತಿ ಹೇಳಿದರು ಅಷ್ಟೇ. ನನ್ನ ಗಂಟಲು ಮಾತ್ರ ಕಟ್ಟಿತು.

ಹೊಸದು ಕೊಳ್ಳುವುದು ಅಲ್ಲೇ ನಿಶ್ಚಯವಾಯಿತು. ಯಾವುದು ಎಂಬುದಕ್ಕೆ ವಾರವೆಲ್ಲ ಹಿಡಿಯಿತು. ಅವರ ಕೋಣೆಯಲ್ಲೊಂದು ಹಳೆಯ ಎಮ್ಮನ್ಸ್ ಗಿಟಾರ್ ಇದೆ, ಪುಶ್-ಪುಲ್ ಎಂಬ ಹಳೆಯ ಯಂತ್ರರಚನೆಯದು. ಬಡ್ಡಿ ಎಮ್ಮನ್ಸ್ ಈ ವಾದ್ಯಕ್ಕೆ ಏನಾಗಿದ್ದರು ಎಂದು ಹೇಳಲು ಇಷ್ಟು ಸಾಕು: 1950ರ ದಶಕದಲ್ಲಿ ಶಾಟ್ ಜಾಕ್ಸನ್ ಜೊತೆ ಶೋ-ಬಡ್ ಎಂಬ ಸ್ಟೀಲ್ ಗಿಟಾರ್ ಕಂಪನಿ ಕಟ್ಟಿದರು, ಆಮೇಲೆ ಸ್ವಂತ ಹೆಸರಿನದು. 2015ರಲ್ಲಿ ತೀರಿಕೊಳ್ಳುವ ತನಕವೂ ಎಲ್ಲರೂ ಅಳೆಯುತ್ತಿದ್ದದ್ದು ಅವರನ್ನಿಟ್ಟುಕೊಂಡೇ. ಆ ಪುಶ್-ಪುಲ್ ಮೇಲೆ ಕೂತು ಒಂದು ತಂತಿ ಮೀಟಿದಾಗ ಬಂದ ನಾದಕ್ಕೆ ನನ್ನಲ್ಲಿ ವಿಶೇಷಣ ಇಲ್ಲ. ಅಂಥದ್ದೇ ಒಂದು ಮುಂಬೈಯಲ್ಲಿ ಅವರ ಹಳೆಯ ಜೊತೆಗಾರರ ಬಳಿ ಮಾರಾಟಕ್ಕಿದೆಯಂತೆ. ಮನಸ್ಸು ತುಂಬ ಎಳೆಯಿತು.

ಬೇಡ ಅಂದದ್ದು ಅವರೇ. ಪುಶ್-ಪುಲ್‌ನ ಹೊಂದಾಣಿಕೆ ತಪ್ಪಿದರೆ ಸರಿಮಾಡುವ ಕೈಗಳು ಅಮೆರಿಕದಲ್ಲೇ ಕಡಿಮೆಯಾಗುತ್ತಿವೆ, ಕಾರವಾರದಲ್ಲಿ ಯಾರನ್ನು ಹುಡುಕುತ್ತೀರಿ ಅಂತ ಕೇಳಿದರು. ಈಗಿನ ಆಲ್-ಪುಲ್ ಗಿಟಾರುಗಳಲ್ಲಿ ಪ್ರತಿ ಪೆಡಲ್, ಪ್ರತಿ ಲಿವರ್ ಏರಿಸುವ ಇಳಿಸುವ ಸ್ವರಕ್ಕೂ ಚೇಂಜರಿನ ತುದಿಯಲ್ಲಿ ಒಂದೊಂದು ನೈಲಾನ್ ನಟ್ ಇರುತ್ತದೆ. ಸಣ್ಣ ಕೀಲಿಯಿಂದ ತಿರುಗಿಸಿ ಶ್ರುತಿ ಮಾಡಿಕೊಳ್ಳಬಹುದು. ಒಳಗಿನ ಎಳೆಯುವ ಕಂಬಿಗಳನ್ನು ಬಿಚ್ಚಿ ಒರೆಸಿ ಮತ್ತೆ ಹಾಕಬಹುದು. ಬಿಚ್ಚುವುದು, ಒರೆಸುವುದು ನಮ್ಮ ಕಡಲ ಗಾಳಿಗೆ ಮುಖ್ಯ. ಇಲ್ಲಿ ಬಾಗಿಲ ಚಿಲಕವೇ ಒಂದು ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಅದಕ್ಕೇ ಲ್ಯಾಕರ್ ಬಳಿದ ಚಂದದ ಮೇಪಲ್ ಮರ ಬಿಟ್ಟು ಮೈಕಾ ಹಾಸಿನದನ್ನು ಆರಿಸಿದೆ. ಫೋಟೋದಲ್ಲಿ ಸಪ್ಪೆ ಅನಿಸಿದರೂ ತೇವಕ್ಕೆ ಹೆದರುವುದಿಲ್ಲ.

ಲಿವರುಗಳ ವಿಷಯದಲ್ಲಿ ನನಗೆ ಗೊಂದಲವೇ ಇರಲಿಲ್ಲ. ನನ್ನ ಹಳೆಯದರಲ್ಲಿ ಮೂರು ಪೆಡಲ್, ಒಂದೇ ಲಿವರ್; ಅದು ಸಾ ಅನ್ನು ನಿಷಾದಕ್ಕೆ ಇಳಿಸುತ್ತದೆ. ಸಾ ಅನ್ನು ಕೋಮಲ ರಿಷಭಕ್ಕೆ ಏರಿಸುವುದು ಇಲ್ಲ. ಅದು ಇದ್ದು, ಮೊದಲ ಪೆಡಲಿನ ಜೊತೆ ಸೇರಿದರೆ ಮೂರು ಫ್ರೆಟ್ (ಮನೆ) ಮೇಲೆ ಅದೇ ಕಾರ್ಡ್, ಅಂದರೆ ಅದೇ ಸ್ವರಗುಚ್ಛ, ಮತ್ತೆ ಸಿಗುತ್ತದೆ. ಜಿ ಮೇಜರ್ ಎಂಬ ಕಾರ್ಡ್ ಮೂರನೇ ಫ್ರೆಟ್ಟಿನಲ್ಲಿ ಪೆಡಲ್ ತುಳಿಯದೆ, ಆರರಲ್ಲಿ ಪೆಡಲ್-ಲಿವರ್ ಜೋಡಿಯಲ್ಲಿ, ಹತ್ತರಲ್ಲಿ ಎರಡು ಪೆಡಲಿನಲ್ಲಿ. ಮೂರರಿಂದ ಹತ್ತಕ್ಕೆ ಹೋಗುವ ದಾರಿಯಲ್ಲಿ ಆರು ಇಲ್ಲದಿದ್ದರೆ ಸರಳು ದೂರ ಜಿಗಿಯಬೇಕಾಗುತ್ತದೆ. ಅವರ ಗಿಟಾರಿನಲ್ಲಿ ಆ ಲಿವರ್ ಸಿಕ್ಕ ಕೂಡಲೇ ನನ್ನ ಮೊಣಕಾಲು ಅದನ್ನು ಬಿಡಲೇ ಇಲ್ಲ. ನಾಲ್ಕಕ್ಕಿಂತ ಕಡಿಮೆ ಲಿವರಿನದು ತೆಗೆದುಕೊಳ್ಳಲೇಬೇಡಿ, ಐದಿದ್ದರೆ ಒಳ್ಳೆಯದು ಅಂದರು. ಪೆಡಲ್‌ಗಳ ಕ್ರಮ ಮೊದಲೇ ಕೇಳಿಕೊಳ್ಳಿ ಅಂತಲೂ. ಎಮ್ಮನ್ಸ್ ಪದ್ಧತಿಯದನ್ನು ಕಲಿತ ಕಾಲಿಗೆ ಇನ್ನೊಬ್ಬ ವಾದಕ ಜಿಮ್ಮಿ ಡೇ ಅವರ ಪದ್ಧತಿಯದು ಪೂರ್ತಿ ತಿರುಗುಮುರುಗು.

ಇಷ್ಟಾದರೂ ನನ್ನ ತಲೆ ಗಿಟಾರಿನಲ್ಲಿ ನಿಲ್ಲುತ್ತಿಲ್ಲ. ಕಲಿಯುವವರಿಗೆ ನಾವು ಏನು ಕೊಡುತ್ತೇವೆ ಎಂಬುದೇ ಕಾಡುತ್ತಿದೆ. ನಾನು ಹೋಗುತ್ತಿದ್ದ ಸಂಗೀತ ಪಾಠದಲ್ಲಿ ಎರಡು ತಂಬೂರಿ ಇದ್ದವು. ಮೀರಜಿನದು ಗವಸು ಹಾಕಿಕೊಂಡು ಗೋಡೆಗೆ ಒರಗಿರುತ್ತಿತ್ತು, ಕಛೇರಿಗೆ ಬರುವ ದೊಡ್ಡವರಿಗೆ. ಮಕ್ಕಳಿಗೆ ಜವಾರಿ (ತಂತಿಯ ಝೇಂಕಾರ) ಸತ್ತ ಇನ್ನೊಂದು. ಹಾರ್ಮೋನಿಯಮ್ಮಿನದೂ ಅದೇ ಪಾಡು, ಗಾಳಿ ಸೋರುವುದು ಮಕ್ಕಳ ಪಾಲಿಗೆ. ಯಾರದೂ ಕೆಟ್ಟ ಮನಸ್ಸಲ್ಲ, ದುಡ್ಡಿನ ಪ್ರಶ್ನೆಯೂ ಹೌದು. ಆದರೂ ಇದು ಪೂರ್ತಿ ತಲೆಕೆಳಗು ಎಂದೇ ನನ್ನ ವಾದ. ಪಳಗಿದವರ ಕೈಗೆ ಬಾಗುವ ಪೆಟ್ಟಿಗೆ ಕೊಟ್ಟರೂ ಅವರು ಸರಳನ್ನು ಅಷ್ಟೇ ಮುಂದೆ ಸರಿಸಿ ಸ್ವರ ಸರಿಮಾಡಿಕೊಂಡಾರು. ಭಾನುವಾರ ನನ್ನ ಗಿಟಾರಿನ ಮೇಲೆ ಆ ಹಿರಿಯರು ಹಾಗೆಯೇ ನುಡಿಸಿದರು. ನಾನು ಪಕ್ಕದಲ್ಲೇ ನಿಂತು ಕೇಳಿದೆ, ಬೇಸುರ ಇರಲಿಲ್ಲ. ಕಲಿಯುವವಳಿಗೆ ಆ ಉಪಾಯ ಗೊತ್ತಿಲ್ಲ. ವಾದ್ಯ ತಪ್ಪು ಹೇಳಿದರೆ ಅವಳು ಅನುಮಾನಿಸುವುದು ತನ್ನ ಕಿವಿಯನ್ನು. ಹಾಗೆ ಎಷ್ಟು ಮಕ್ಕಳು ತಮಗೆ ಸ್ವರಜ್ಞಾನ ಇಲ್ಲ ಎಂದುಕೊಂಡು ಪಾಠ ಬಿಟ್ಟು ಎದ್ದು ಹೋದರೋ! ನನ್ನ ಜೊತೆ ಕೂರುತ್ತಿದ್ದವರಲ್ಲೇ ಒಬ್ಬಳು ಹಾಗೆ ಹೋದಳು. ಅವಳ ಷಡ್ಜ ನನ್ನದಕ್ಕಿಂತ ಗಟ್ಟಿಯಿತ್ತು.

ದೊಡ್ಡಪ್ಪನ ಮಗನಿಗೆ ಬುಧವಾರ ಹೇಳಿಯಾಯಿತು. ಅಲ್ಲಿನ ತಯಾರಕರೊಬ್ಬರಿಗೆ ಮುಂಗಡ ಕಟ್ಟುತ್ತಾನೆ, ಸರದಿ ಬಂದಾಗ ಮಾಡಿಕೊಡುತ್ತಾರೆ. ಬೆಲೆ ಡಾಲರಿನಲ್ಲೇ ನಾಲ್ಕಂಕಿ; ನನ್ನ ಉಳಿತಾಯದ ದೊಡ್ಡ ಪಾಲು ಹೋಗುತ್ತದೆ, ಹೋಗಲಿ.

ನಿನ್ನೆ ಶಾಲೆಯಲ್ಲಿ ಸಹೋದ್ಯೋಗಿಯೊಬ್ಬರು ಹಳೆಯದನ್ನು ಮಗಳಿಗೆ ಕೊಡುತ್ತೀರಾ ಎಂದು ಕೇಳಿದರು. "ಕಲಿಯೋದಕ್ಕೆ ಅಷ್ಟು ಸಾಕಲ್ಲ" ಅಂದರು. ಕೊಡುವುದಿಲ್ಲ ಅಂದೆ. ಅವರ ಮುಖ ಸಣ್ಣದಾಯಿತು. ಸೂಜಿಯ ಕಥೆ ಪೂರ್ತಿ ಹೇಳಿ, ಹೊಸದು ಬಂದ ಮೇಲೆ ಶನಿವಾರ ಮಧ್ಯಾಹ್ನ ಅವಳನ್ನು ಕಳಿಸಿ, ಅದರ ಮೇಲೇ ಕೂರಿಸುತ್ತೇನೆ ಅಂದೆ. ಹುಡುಗಿ ಕುಳ್ಳಿ, ಆರನೇ ಕ್ಲಾಸು. ಪೆಡಲಿಗೆ ಕಾಲು ಎಟುಕದಿದ್ದರೆ ಕೆಳಗಿನ ಕಂಬಿಗಳ ಉದ್ದ ಹೊಂದಿಸಿ ಪೆಡಲ್ ಮೇಲಕ್ಕೆತ್ತಬಹುದಂತೆ. ಸದಾಶಿವಗಡಕ್ಕೆ ಫೋನು ಮಾಡಿ ಕೇಳಿಟ್ಟುಕೊಂಡಿದ್ದೇನೆ.