ಕಾರ್ಟ್‌ಗೆ ನೆನಪು ಬಂದದ್ದು

ಆನ್‌ಲೈನ್ ಅಂಗಡಿಗಳಿಗೆ ಕೋಡ್ ಬರೆಯೋದು ನನ್ನ ಹೊಟ್ಟೆಪಾಡು. ಈ ವ್ಯಾಪಾರದ ಬುಡ ಯಾವುದು ಅಂದರೆ ಎಲ್ಲರೂ ಅಮೆಜಾನ್ ಅಂತಾರೆ. ನಾನು ಕುಕೀ ಅಂತೀನಿ.

ವೆಬ್ ನಡೆಸೋ ನಿಯಮಾವಳಿ ಎಚ್‌ಟಿಟಿಪಿಗೆ ಹುಟ್ಟಿನಿಂದಲೇ ಮರೆವು. ಪುಟ ಬದಲಿಸಿದರೆ ಸಾಕು, ಸರ್ವರ್‌ಗೆ ನೀವು ಮತ್ತೆ ಅಪರಿಚಿತರು. ಹಾಗಿದ್ದಾಗ ಕಾರ್ಟ್‌ನಲ್ಲಿರೋ ಸಾಮಾನು ಯಾರದು ಅಂತ ಗೊತ್ತಾಗೋದು ಹೇಗೆ? 1994ರಲ್ಲಿ ಬ್ರೌಸರ್ ಕಂಪನಿ ನೆಟ್‌ಸ್ಕೇಪ್‌ನ ಎಂಜಿನಿಯರ್ ಲೂ ಮಾಂಟುಲಿ ದಾರಿ ಹುಡುಕಿದರು: ಗುರುತಿನ ಪುಟ್ಟ ಚೀಟಿಯೊಂದನ್ನು ಗ್ರಾಹಕರ ಬ್ರೌಸರ್‌ನಲ್ಲೇ ಇಟ್ಟುಬಿಡೋದು. ಮುಂದಿನ ಸಲ ಬ್ರೌಸರೇ ಅದನ್ನು ಸರ್ವರ್‌ಗೆ ತೋರಿಸುತ್ತೆ. ಆ ಚೀಟಿಯೇ ಕುಕೀ. (ಕಾರ್ಡ್ ನಂಬರ್ ಗುಟ್ಟಾಗಿ ಸಾಗಿಸುತ್ತಿದ್ದ ಎಸ್‌ಎಸ್‌ಎಲ್ ತಂತ್ರ ಕೂಡ ಅದೇ ಕಂಪನಿಯದು.)

ಆಮೇಲೆ ಆ ಚೀಟಿ ಜಾಹೀರಾತಿನವರ ಕೈಗೆ ಸಿಕ್ಕಿತು. ಒಂದು ಸೈಟಿನಲ್ಲಿ ಶೂ ನೋಡಿದರೆ ಇನ್ನೊಂದರಲ್ಲೂ ಅದೇ ಶೂ ಬೆನ್ನು ಹತ್ತುತ್ತೆ. ಬಿಟ್ಟಿ ಸೈಟುಗಳು ಬಹುಪಾಲು ಬದುಕಿರೋದೇ ಜಾಹೀರಾತಿನಿಂದ, ಒಪ್ಪಿದೆ. ಆದರೂ ನನ್ನ ಬ್ರೌಸರ್‌ನಲ್ಲಿ ಮೂರನೆಯವರ, ಅಂದರೆ ನಾನು ನೋಡ್ತಿರೋ ಸೈಟಿನದಲ್ಲದ ಕುಕೀಗಳಿಗೆ ಪ್ರವೇಶವಿಲ್ಲ.