ವೈರ್ ಮುಟ್ಟದೇನೇ ಕರೆಂಟ್ ಅಳೆಯೋ ಟಿಎಂಆರ್ ಸೆನ್ಸರ್

ಕರೆಂಟ್ ಹರಿಯೋ ದಾರೀಲೇ ಶಂಟ್ ರೆಸಿಸ್ಟರ್ (ತುಂಬಾ ಕಮ್ಮಿ ರೆಸಿಸ್ಟೆನ್ಸ್ ಇರೋ ತುಂಡು) ಹಾಕಿ ಅಳೆಯೋದು ಸುಲಭಾನೇ, ಆದ್ರೆ 1 ಮಿಲಿಓಮ್‌ನಲ್ಲಿ 100 ಆಂಪಿಯರ್ ಹರಿದ್ರೆ 10 ವ್ಯಾಟ್ ಸುಮ್ನೆ ಬಿಸಿಯಾಗಿ ಹೋಗುತ್ತೆ, ಅದಕ್ಕೇ ನಂಗೆ ಟಿಎಂಆರ್ (ಟನಲ್ ಮ್ಯಾಗ್ನೆಟೋರೆಸಿಸ್ಟೆನ್ಸ್, ಅಂದ್ರೆ ಮ್ಯಾಗ್ನೆಟಿಕ್ ಫೀಲ್ಡ್‌ಗೆ ತಕ್ಕಂತೆ ರೆಸಿಸ್ಟೆನ್ಸ್ ಬದಲಾಗೋದು) ಸೆನ್ಸರ್ ಇಷ್ಟ. ಎರಡು ಮ್ಯಾಗ್ನೆಟಿಕ್ ಪದರ, ಮಧ್ಯೆ ಒಂದೆರಡು ನ್ಯಾನೋಮೀಟರ್ ದಪ್ಪದ ಮೆಗ್ನೀಸಿಯಂ ಆಕ್ಸೈಡ್, ಅದು ಇನ್ಸುಲೇಟರ್, ಆದ್ರೂ ಎಲೆಕ್ಟ್ರಾನ್‌ಗಳು ಟನಲಿಂಗ್ ಆಗಿ ಆಕಡೆ ದಾಟ್ಬಿಡ್ತವೆ (ಕ್ವಾಂಟಮ್ ಕಿತಾಪತಿ!). ಒಂದು ಪದರದ ದಿಕ್ಕು ಫಿಕ್ಸ್, ಇನ್ನೊಂದು ಹೊರಗಿನ ಫೀಲ್ಡ್‌ಗೆ ತಕ್ಕಂತೆ ತಿರುಗುತ್ತೆ, ಎರಡೂ ಒಂದೇ ಕಡೆ ಇದ್ರೆ ರೆಸಿಸ್ಟೆನ್ಸ್ ಕಮ್ಮಿ, ಉಲ್ಟಾ ಆದ್ರೆ ಜಾಸ್ತಿ. ವೈರಲ್ಲಿ ಕರೆಂಟ್ ಹರಿದ್ರೆ ಸುತ್ತ ಮ್ಯಾಗ್ನೆಟಿಕ್ ಫೀಲ್ಡ್ ಬರುತ್ತಲ್ಲ, ಅದನ್ನ ಅಳೆದ್ರೆ ಸಾಕು, ವೈರ್ ಕಟ್ ಮಾಡೋದೇ ಬೇಡ.

ತಲೆನೋವು ಎಲ್ಲಿ ಅಂದ್ರೆ, 10 ಆಂಪಿಯರ್ ವೈರಿಂದ 1 ಸೆಂಟಿಮೀಟರ್ ದೂರದಲ್ಲಿ ಫೀಲ್ಡ್ ಬರೀ 0.2 ಮಿಲಿಟೆಸ್ಲಾ, ಭೂಮಿದೇ ಸುಮಾರು 0.05 ಇರುತ್ತೆ. ವೈರಿನ ಎರಡೂ ಬದಿ ಒಂದೊಂದು ಸೆನ್ಸರ್ ಇಟ್ಟು ವ್ಯತ್ಯಾಸ ತಗೊಂಡ್ರೆ ಭೂಮಿಯಂಥ ಹೊರಗಿನ ಫೀಲ್ಡ್ ಹೆಚ್ಚುಕಮ್ಮಿ ಕ್ಯಾನ್ಸಲ್ ಆಗುತ್ತೆ, ವೈರಿನ ಫೀಲ್ಡ್ ಎರಡು ಬದಿ ಉಲ್ಟಾ ದಿಕ್ಕಲ್ಲಿರೋದ್ರಿಂದ ಉಳ್ಕೊಳ್ಳುತ್ತೆ.